ಗೆರೆಯ ಆಚೆ ಒಂದು ಅಕ್ಕಿಕಾಳು

ಅವರು ಯಾರನ್ನೇ ಆಗಲಿ ಮೊದಲು ನೋಡುತ್ತಿದ್ದುದು ಪಾದವನ್ನು. ಮುಖವನ್ನು ಆಮೇಲೆ, ಅದೂ ಬೇಕಾದರೆ. ಸುಂಕದಕಟ್ಟೆಯಲ್ಲಿ ಮಾಗಡಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುತ್ತಿದ್ದ ಅವರ ಚಪ್ಪಲಿ ಅಂಗಡಿ ರಸ್ತೆಗಿಂತ ಎರಡು ಮೆಟ್ಟಿಲು ಕೆಳಗಿತ್ತು. ರಸ್ತೆ ಪ್ರತಿ ಸಲ ಡಾಂಬರು ಹಾಕಿಸಿಕೊಂಡು ಎತ್ತರವಾಗುತ್ತಾ ಹೋಗಿತ್ತು, ಅಂಗಡಿ ಇದ್ದಲ್ಲೇ ಉಳಿದಿತ್ತು. ಹಾಗಾಗಿ ಒಳಗೆ ನೆಲದ ಮೇಲೆ ಕೂತವರಿಗೆ ಬರುವವರ ಮೊಣಕಾಲಿನ ಕೆಳಗಷ್ಟೇ ಕಾಣುತ್ತಿತ್ತು. "ಬ್ಯಾಂಕಿನ ಸಾಹೇಬ್ರು ಬಂದ್ರಲ್ಲ, ಹಿಮ್ಮಡಿ ನೋವು ಹೆಂಗೈತ್ರಿ?" ಎಂದು ತಲೆ ಎತ್ತದೆಯೇ ಕೇಳುತ್ತಿದ್ದರು. ಸಾಹೇಬರು ತಲೆ ತಗ್ಗಿಸಿ ಒಳಗೆ ಇಳಿಯುವಷ್ಟರಲ್ಲಿ ಅವರ ಅಳತೆಯ ಹಾಳೆ ಗೋಡೆಯ ಮೊಳೆಯಿಂದ ಕೆಳಗೆ ಬಂದಿರುತ್ತಿತ್ತು.

ಅಳತೆಯ ಹಾಳೆ ಎಂದರೆ ಹಳೆಯ ಕ್ಯಾಲೆಂಡರಿನ ಹಿಂಭಾಗ. ಗಿರಾಕಿ ಅದರ ಮೇಲೆ ಬರಿಗಾಲಲ್ಲಿ ನಿಲ್ಲಬೇಕು. ಇವರು ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಒಂದೇ ಎಳೆತದಲ್ಲಿ ಗೆರೆ ಎಳೆಯುತ್ತಿದ್ದರು. ಹಾಳೆಯ ಮೇಲೆ ಹೆಸರು ಬರೆಯುತ್ತಿರಲಿಲ್ಲ, ಫೋನ್ ನಂಬರ್ ಕೂಡ ಇಲ್ಲ. ಚರ್ಮ ಕತ್ತರಿಸುವಾಗ ಕತ್ತಿ ಗೆರೆಯ ಮೇಲೆ ಹೋಗಕೂಡದು. ಗೆರೆಯ ಆಚೆ ಒಂದು ಅಕ್ಕಿಕಾಳಿನಷ್ಟು ಬಿಡಬೇಕು. ನಿಂತ ಪಾದ ಬೇರೆ, ನಡೆಯುವ ಪಾದ ಬೇರೆ, ನಡೆಯುವಾಗ ಅದು ಹರಡಿಕೊಳ್ಳುತ್ತದೆ ಎನ್ನುವುದು ಅವರ ಲೆಕ್ಕ. ನಾನು ಸ್ಕೇಲು ತಂದು ಅದನ್ನು ಮಿಲಿಮೀಟರಿನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವರು ಕತ್ತು ಚಾಚಿ ನೋಡಿ, "ಸೋನಾ ಮಸೂರಿನೋ, ದಪ್ಪಕ್ಕಿನೋ, ಅದನ್ನೂ ಬರ್ಕೊಳ್ರಿ" ಎಂದರು.

ಅವರು ಹೋಗಿ ಮೂರು ತಿಂಗಳಾಯಿತು. ಎದೆನೋವು ಎಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಎಷ್ಟು ಸಲ ಕೂತರೂ ನನ್ನ ಮನಸ್ಸು ಒಂದೇ ಭಾನುವಾರದ ಒಂದೇ ಕ್ಷಣಕ್ಕೆ ಹೋಗಿ ನಿಲ್ಲುತ್ತದೆ. ಆ ಕ್ಷಣದಲ್ಲಿ ಒಂದು ಕತ್ತಿ ಕೆಳಗೆ ಬೀಳುತ್ತಿತ್ತು. ಅವರು ಅದನ್ನು ಬರಿಗೈಯಲ್ಲಿ ಹಿಡಿದರು. ಆ ಕೈ ಮತ್ತೆ ಕೆಲಸ ಮಾಡಲಿಲ್ಲ. ಆಗ ನನ್ನ ಎಡಗಾಲು ಕತ್ತಿಯ ಕೆಳಗೆ ಇತ್ತೋ, ಅಷ್ಟರಲ್ಲಿ ನಾನು ತೆಗೆದಿದ್ದೆನೋ, ನನಗೆ ಗೊತ್ತಿರಲಿಲ್ಲ. ಇದ್ದಿದ್ದರೆ ನನ್ನ ಕಾಲಿಗಾಗಿ ಅವರ ಕೈ ಹೋಯಿತು. ತೆಗೆದಿದ್ದರೆ ಯಾತಕ್ಕೂ ಅಲ್ಲದೆ ಹೋಯಿತು. ಯಾವುದಾಗಿದ್ದರೆ ನನಗೆ ಸಮಾಧಾನ ಎಂಬುದೂ ತಿಳಿಯುತ್ತಿರಲಿಲ್ಲ.

ನಾನು ಅಲ್ಲಿಗೆ ಮೊದಲು ಹೋದದ್ದು ಕಿತ್ತುಹೋದ ಬ್ಯಾಗಿನ ಪಟ್ಟಿ ಹೊಲಿಸಲು. ನಮ್ಮ ಮನೆ ಶ್ರೀಗಂಧದ ಕಾವಲಿನಲ್ಲಿ, ಕೆಲಸ ರಾಜಾಜಿನಗರದ ಒಂದು ಇನ್ಶೂರೆನ್ಸ್ ಕಚೇರಿಯಲ್ಲಿ. ಎರಡರ ನಡುವೆ ಕಂಡ ಅಂಗಡಿ. ಅವರು ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಆಚೆಯಿಂದ ಒಂದು ಈಚೆಯಿಂದ ಒಂದು ದಾಟಿಸಿ ಹೊಲಿಯುವುದನ್ನು ನೋಡುತ್ತಾ ನಿಂತೆ. ಕೆಲಸ ಮುಗಿದ ಮೇಲೂ ನಿಂತಿದ್ದೆ.

"ಇನ್ನೇನ್ರಿ?"

"ಇದನ್ನ ಕಲಿಸ್ತೀರಾ?"

"ಯಾಕ್ರಿ, ಆಫೀಸ್ ಮುಚ್ಚಿದ್ರೇನು?"

"ಇಲ್ಲ. ಭಾನುವಾರ ಬರ್ತೀನಿ."

"ಭಾನುವಾರ ಬೆಂಗಳೂರು ಮಂದಿ ಮಲ್ಕೋತಾರ."

"ನಾನು ಮಲಗಲ್ಲ ಯಜಮಾನ್ರೇ."

ಅವರು ನನ್ನ ಪಾದಗಳನ್ನು ಸಾವಕಾಶವಾಗಿ ನೋಡಿದರು. "ಎಡಗಾಲ ಬಲಗಾಲಕಿಂತ ಒಂದೀಟು ದೊಡ್ಡದೈತಿ. ಬರ್ರಿ" ಎಂದರು. ಆ ಎರಡು ಮಾತಿಗೂ ಏನು ಸಂಬಂಧ ಎಂದು ನಾನು ಐದು ವರ್ಷ ಯೋಚಿಸಿದೆ. ಕೇಳಿದಾಗೆಲ್ಲ ನಕ್ಕರು.

ಅವರು ಅಥಣಿ ಕಡೆಯವರು. ಹುಡುಗರಾಗಿದ್ದಾಗಲೇ ಬೆಂಗಳೂರಿಗೆ ಬಂದಿದ್ದರು. ಅವಸರದ ಗಿರಾಕಿಗಳ ಹತ್ತಿರ ಅಪ್ಪಟ ಇಲ್ಲಿಯ ಮಾತು: "ನಾಳೆ ಬನ್ನಿ ಸಾರ್, ಆಗೋಗಿರುತ್ತೆ." ಬೇಕಾದವರ ಹತ್ತಿರ ಅಥಣಿಯ ಮಾತು. ಚರ್ಮದ ಹತ್ತಿರವಂತೂ ಅಥಣಿಯದೇ. ಬಗ್ಗದ ಚರ್ಮಕ್ಕೆ, "ಬಾರವಾ, ಎಷ್ಟ್ ಸೊಕ್ಕ ಮಾಡ್ತಿ" ಎನ್ನುತ್ತಿದ್ದರು.

ಮೊದಲ ಎರಡು ತಿಂಗಳು ನನಗೆ ಸೂಜಿ ಕೊಡಲಿಲ್ಲ. ಕಣ್ಣು ಮುಚ್ಚಿಸಿ ಕೈಗೆ ಚರ್ಮದ ಚೂರುಗಳನ್ನು ಇಡುತ್ತಿದ್ದರು. ಇದು ಬೆನ್ನು, ಬಿಗಿಯಾಗಿರುತ್ತದೆ, ಅಟ್ಟೆಗೆ. ಇದು ಹೊಟ್ಟೆ, ಜಗ್ಗುತ್ತದೆ, ಒಳಪದರಕ್ಕೆ. ಇದು ಕತ್ತು, ಸುಕ್ಕು ಇದೆ. ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ, ಅದೇ ಚೂರನ್ನು ಮತ್ತೆ ಕೈಗೆ ಇಡುತ್ತಿದ್ದರು. ಒಮ್ಮೆ ಒಂದು ಚರ್ಮದ ಮೇಲೆ ಉದ್ದ ಗೀರೊಂದು ಕಂಡಿತು. ಅದರ ಮೇಲೆ ಬೆರಳಾಡಿಸಿ, "ಇಲ್ಲಿ ಬೇಲಿ ಹಾರ್ಯಾಳ ನೋಡ್ರಿ" ಎಂದರು.

"ಯಾರು?"

"ಎಮ್ಮಿ, ಮತ್ಯಾರು? ನಿಮ್ಮ ಮ್ಯಾನೇಜರೇನು?"

ಬಣ್ಣ ಹಾಕದ ಚರ್ಮ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ ಎಂದು ಹೇಳುತ್ತಿದ್ದರು. ಉಗುರು ತಾಗಿದರೆ ಗೆರೆ, ನೀರು ಬಿದ್ದರೆ ಕಪ್ಪು. ನನ್ನ ಬೆವರಿದ ಅಂಗೈ ಒಂದು ಸಲ ಅಂಥ ಚರ್ಮದ ಮೇಲೆ ಅಚ್ಚಾಗಿ ಕೂತಿತು. ಎಷ್ಟು ಒರೆಸಿದರೂ ಹೋಗಲಿಲ್ಲ. ಅವರು ಆ ಭಾಗವನ್ನು ಎಸೆಯದೆ ಯಾರದೋ ಬ್ಯಾಗಿನ ಒಳಜೇಬಿಗೆ ಹಾಕಿ ಹೊಲಿದುಬಿಟ್ಟರು. ಬಸವೇಶ್ವರನಗರದ ಯಾವುದೋ ಲಾಯರು ಇವತ್ತಿಗೂ ನನ್ನ ಅಂಗೈ ಹೊತ್ತು ತಿರುಗುತ್ತಿರಬೇಕು.

ಅಮ್ಮನಿಗೆ ಇದೆಲ್ಲ ಹಿಡಿಸಲಿಲ್ಲ. "ಬಿ.ಕಾಂ. ಓದಿ ಚಪ್ಲಿ ಹೊಲೀತಾಳಂತೆ" ಎಂದು ಗೋಡೆಗೆ ಹೇಳುತ್ತಿದ್ದಳು. ಭಾನುವಾರ ಬಂದ ಕೂಡಲೇ ಸ್ನಾನ, ಬಟ್ಟೆ ಬೇರೆ ಬಕೆಟ್ಟಿಗೆ. ವಾಸನೆ ಎನ್ನುತ್ತಿದ್ದಳು, ವಾಸನೆಯೊಂದೇ ಅಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಅವಳದೇ ಮಂಡಿನೋವಿಗೆ ಮೆತ್ತನೆಯ ಚಪ್ಪಲಿ ಬೇಕಾಗಿ ನನ್ನ ಜೊತೆ ಬಂದಳು. ಅವರು ಅಳತೆಗೆ ಬಗ್ಗಿದಾಗ ಗಾಬರಿಯಿಂದ ಕಾಲು ಹಿಂದಕ್ಕೆ ಎಳೆದುಕೊಂಡಳು. "ಅಯ್ಯೋ, ದೊಡ್ಡವರು ನೀವು, ಕಾಲು ಮುಟ್ಟೋದಾ?"

"ಮುಟ್ಟದ ಹೆಂಗ್ ಮಾಡ್ಲಿ ತಾಯಿ, ಫೋಟೋ ಹಿಡೀಲೇನು?"

ಅಮ್ಮ ನಕ್ಕುಬಿಟ್ಟಳು. ಆಮೇಲೆ ಬೇರೆ ಬಕೆಟ್ ಉಳಿಯಿತು, ಗೋಡೆಗೆ ಹೇಳುವುದು ನಿಂತಿತು.

ಕಾಲಿನ ವಿಷಯದಲ್ಲಿ ಅವರಿಗೆ ಒಂದು ಪದ್ಧತಿ ಇತ್ತು. ದೊಡ್ಡ ಚರ್ಮವನ್ನು ಕತ್ತರಿಸುವಾಗ ಜಾರದಂತೆ ಬರಿಗಾಲಿನಿಂದ ಒತ್ತಿ ಹಿಡಿಯಬೇಕು. ಹಾಗೆ ಕಾಲಿಡುವ ಮೊದಲು ಚರ್ಮವನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು, ದಿನಕ್ಕೆ ಒಂದೇ ಸಲ. ನಾನೂ ಹಾಗೇ ಮಾಡುತ್ತಿದ್ದೆ. ಆ ಭಾನುವಾರ ಮಾಡಿದ್ದೆನೋ ಇಲ್ಲವೋ, ಅದೂ ನೆನಪಿಲ್ಲ.

ರಂಪಿಗೆಯ ವಿಷಯದಲ್ಲಿ ಎರಡು ನಿಯಮಗಳಿದ್ದವು. ರಂಪಿಗೆ ಎಂದರೆ ಚರ್ಮ ಕತ್ತರಿಸುವ ಅಗಲ ಅಲಗಿನ ಕತ್ತಿ, ಅಂಗೈಯಷ್ಟು ಅಗಲ, ಕೈಗೆ ಭಾರ. ಅದನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡಕೂಡದು. ಹಿಡಿಯನ್ನು ಅವರ ಕಡೆ ಮಾಡಿ ನೆಲದ ಮೇಲೆ ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು "ಇಟ್ಟೆ" ಎನ್ನಬೇಕು. ಇನ್ನೊಬ್ಬರು ಎತ್ತಿಕೊಂಡು "ಬಂತು" ಎನ್ನಬೇಕು. ಇಟ್ಟೆ, ಬಂತು, ಇಟ್ಟೆ, ಬಂತು. ದಿನವಿಡೀ ಅಂಗಡಿಯಲ್ಲಿ ಇದೇ ಸದ್ದು. ಎರಡನೆಯದು, ರಂಪಿಗೆ ಜಾರಿ ಬಿದ್ದರೆ ಹಿಡಿಯಲು ಹೋಗಕೂಡದು. ಕಾಲು ತೆಗೆಯಬೇಕು, ಅಷ್ಟೆ. ಇದನ್ನು ಅವರು ನನಗೆ ಮರದ ತುಂಡಿನಿಂದ ಕಲಿಸಿದ್ದರು. ನಾನು ಏನೋ ಹೊಲಿಯುತ್ತಾ ನಿಂತಿರುವಾಗ ಹೇಳದೆ ಕೇಳದೆ ಮರದ ತುಂಡನ್ನು ಮುಂದೆ ಬೀಳಿಸುವುದು. ನನ್ನ ಕೈ ಮುಂದೆ ಬಂದರೆ, "ಕೈ ಹೋತು" ಎನ್ನುವುದು. ಕಾಲು ಹಿಂದೆ ಹೋದರೆ ಏನೂ ಹೇಳದಿರುವುದು. ಆರು ತಿಂಗಳಲ್ಲಿ ನನ್ನ ಕೈ ಬರುವುದು ನಿಂತಿತ್ತು. ಮನೆಯಲ್ಲಿ ಅಮ್ಮನ ಕೈಯಿಂದ ಹಾಲಿನ ಲೋಟ ಜಾರಿದರೂ ನಾನು ನೆಗೆದು ಹಿಂದೆ ನಿಲ್ಲುತ್ತಿದ್ದೆ. "ಹಿಡಿಯೋದು ಬಿಟ್ಟು ಕುಣೀತಾಳೆ" ಎಂದು ಬೈಸಿಕೊಂಡಿದ್ದೇನೆ.

ನಾನು ಕಲಿಯತೊಡಗಿ ಮೂರು ವರ್ಷವಾಗಿತ್ತು. ಆ ಭಾನುವಾರ ಬೆಳಗಿನ ಹನ್ನೊಂದು ಗಂಟೆ ಇರಬೇಕು. ಬಣ್ಣ ಹಾಕದ ಒಂದು ಚರ್ಮವನ್ನು ನೆಲದ ಮೇಲೆ ಹಾಸಿದ್ದೆವು. ಬೆಲ್ಟಿಗೆ ಉದ್ದುದ್ದ ಪಟ್ಟಿ ಕತ್ತರಿಸುವುದಿತ್ತು. ನಾನು ನಿಂತು ಎಡಗಾಲಿನಿಂದ ಒಂದು ಅಂಚನ್ನು ಒತ್ತಿ ಹಿಡಿದಿದ್ದೆ. ಅವರು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಆಗ ಅಮ್ಮನ ಫೋನ್ ಬಂತು, ಬರುವಾಗ ಕರಿಬೇವು ತಾ ಎಂದು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು "ತರ್ತೀನಮ್ಮ, ತರ್ತೀನಿ" ಎನ್ನುತ್ತಿದ್ದೆ. ಅವರು ನನ್ನ ಪಕ್ಕದ ಹಲಗೆಯ ಮೇಲಿದ್ದ ರಂಪಿಗೆ ಬೇಕೆಂದು ಕಣ್ಣಲ್ಲೇ ತೋರಿಸಿದರು. ನಾನು ಅದನ್ನೆತ್ತಿಕೊಂಡು, ಬಗ್ಗಿ, ನೆಲದ ಮೇಲೆ ಇಡಬೇಕಿತ್ತು. ಇಡಲಿಲ್ಲ. ನಿಂತಲ್ಲಿಂದಲೇ ಅವರ ಕಡೆಗೆ ಚಾಚಿದೆ. ಅವರೂ ಕೈ ಎತ್ತಿದರು. ತೆಗೆದುಕೊಳ್ಳಲು ಎತ್ತಿದರೋ, ಬೇಡ ಎನ್ನಲು ಎತ್ತಿದರೋ ಹೇಳಲಾರೆ. ನನ್ನ ಕೈಯಲ್ಲಿ ರಂಪಿಗೆ ಇರಲಿಲ್ಲ. ಅವರ ಕೈಯಲ್ಲೂ ಇರಲಿಲ್ಲ.

ಅಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬಸ್ಸಿನಲ್ಲಿ, ಕಚೇರಿಯ ಲಿಫ್ಟಿನಲ್ಲಿ, ಹಲ್ಲುಜ್ಜುವಾಗ. ಕೆಲವೊಮ್ಮೆ ನನ್ನ ಕಾಲು ತಾನಾಗಿ ಹಿಂದಕ್ಕೆ ಹೋಗಿದೆ, ಬೆನ್ನು ಹಲಗೆಗೆ ತಾಗಿದೆ, ತಾಗಿದ ನೋವು ಕೂಡ ಗೊತ್ತಾಗುತ್ತದೆ. ಕೆಲವೊಮ್ಮೆ ಕಾಲು ಅಲ್ಲೇ ಇದೆ, ನೆಟ್ಟ ಗೂಟದ ಹಾಗೆ, ಫೋನಿನಲ್ಲಿ ಅಮ್ಮ "ಕೊತ್ತಂಬರಿನೂ" ಎನ್ನುತ್ತಿದ್ದಾಳೆ. ಒಂದೊಂದು ಸಲ ಅವರು "ಕಾಲ!" ಎಂದು ಕೂಗಿದ್ದು ಕೇಳುತ್ತದೆ. ಒಂದೊಂದು ಸಲ ಅಂಗಡಿಯಲ್ಲಿ ಸದ್ದೇ ಇಲ್ಲ. ಎಲ್ಲದರಲ್ಲೂ ಕೊನೆ ಮಾತ್ರ ಒಂದೇ: ಕೈ ಚಾಚಬೇಡಿ ಎಂದು ಆರು ತಿಂಗಳು ನನಗೆ ಕಲಿಸಿದ ಮನುಷ್ಯನ ಬಲಗೈ ಕೆಳಗಿನಿಂದ ಬಂದು ಬೀಳುತ್ತಿರುವ ಅಲಗನ್ನು ಹಿಡಿದುಕೊಳ್ಳುತ್ತದೆ.

ಅವರು ನರಳಲಿಲ್ಲ. ಒಂದೆರಡು ಕ್ಷಣ ಹಾಗೇ ಕೂತಿದ್ದರು. ಆಮೇಲೆ ಎಡಗೈಯಿಂದ ಬಲಗೈಯನ್ನು ಅವುಚಿಕೊಂಡು ಎದ್ದು, ಎರಡೇ ಹೆಜ್ಜೆಗೆ ಚರ್ಮದಿಂದ ಆಚೆ ಮೆಟ್ಟಿಲ ಹತ್ತಿರ ಹೋಗಿಬಿಟ್ಟರು. "ಚರ್ಮ ತಗೀರಿ, ರಕ್ತದ ಕಲಿ ಆಗ್ತೈತಿ, ಚರ್ಮ ತಗೀರಿ" ಎನ್ನುತ್ತಿದ್ದರು. ನಾನು ನನ್ನ ದುಪಟ್ಟಾ ಸುತ್ತಿ, ಮೆಟ್ಟಿಲು ಹತ್ತಿಸಿ, ರಸ್ತೆಗೆ ಓಡಿ ಆಟೋ ನಿಲ್ಲಿಸಿದೆ. ಮತ್ತೆ ಒಳಗೆ ಹೋಗಲಿಲ್ಲ. ನನ್ನ ಬಟ್ಟೆ, ಕೈ, ಪಾದ ಎಲ್ಲ ರಕ್ತವಾಗಿತ್ತು. ಆಟೋದವನು ನೋಡಿ, "ಮೇಡಂ, ಸೀಟು..." ಎಂದವನು ಅವರ ಮುಖ ನೋಡಿ, "ಏನೂ ಬೇಡ ಬಿಡಿ, ಹತ್ಕೊಳಿ ಹತ್ಕೊಳಿ. ಅಜ್ಜಾ, ಕೈ ಮೇಲಕ್ಕೆ ಹಿಡ್ಕೊ, ಮೇಲಕ್ಕೆ" ಎಂದು ಹಾರ್ನಿನಿಂದ ಕೈ ತೆಗೆಯದೆ ಓಡಿಸಿದ.

ತೋರುಬೆರಳು, ನಡುಬೆರಳು ಮಡಚುವ ನರಗಳು ತುಂಡಾಗಿದ್ದವು. ಆಸ್ಪತ್ರೆಯಲ್ಲಿ ಜೋಡಿಸಿದರು. ಗಾಯ ಮಾಯಿತು, ಬೆರಳು ಮಡಚಲಿಲ್ಲ. ಆ ಎರಡು ಬೆರಳಿಲ್ಲದೆ ಸೂಜಿ ಹಿಡಿಯಲಾಗುವುದಿಲ್ಲ, ರಂಪಿಗೆಯಂತೂ ಇಲ್ಲವೇ ಇಲ್ಲ.

ಯಾಕೆ ಹಿಡಿದಿರಿ ಎಂದು ಎಲ್ಲರೂ ಕೇಳಿದರು. ಡಾಕ್ಟರಿಗೆ, "ಕೆಲ್ಸ ಮಾಡೋವಾಗ ತಾಗಿಬಿಡ್ತು ಸಾರ್" ಎಂದರು. ಹೆಂಡತಿಗೆ, "ವಯಸ್ಸಾತು, ಬುದ್ಧಿಗಿಂತ ಮೊದ್ಲ ಕೈ ಹೋತು" ಎಂದರು. ಬ್ಯಾಂಕಿನ ಸಾಹೇಬರಿಗೆ, "ಚರ್ಮ ಬಾಳ ಚೊಲೋ ಇತ್ರಿ, ತೂತ ಬೀಳ್ತಿತ್ತು" ಎಂದರು. ಒಂದು ತಿಂಗಳಾದ ಮೇಲೆ ನಾನು ಕೇಳಿದೆ. ಯಾಕೆ ಎಂದು ಕೇಳಲು ಧೈರ್ಯ ಬರಲಿಲ್ಲ. "ಯಜಮಾನ್ರೇ, ನನ್ ಕಾಲು ಅಲ್ಲೇ ಇತ್ತಾ?" ಎಂದೆ.

"ಇಲ್ಲ ತಂಗಿ. ನೀವು ತಗದಿದ್ರಿ. ನಾ ಕಣ್ಣಾರೆ ನೋಡೀನಿ."

"ಮತ್ತೆ ನೀವು ಯಾಕೆ..."

"ನೀವು ಕಲ್ತಿದ್ರಿ, ನಾ ಮರ್ತೆ. ಅಷ್ಟ."

ಆ ಚರ್ಮ ಎಲ್ಲಿ ಎಂದು ಕೇಳಿದೆ. "ಹೋತು" ಎಂದರು. ಎಸೆದರು ಎಂದುಕೊಂಡೆ.

ಅಂಗಡಿ ಮುಚ್ಚಲಿಲ್ಲ. ಭಾನುವಾರದ ಜೊತೆ ಶನಿವಾರವೂ ನಾನು ಹೋಗತೊಡಗಿದೆ. ವಾರವೆಲ್ಲ ಅವರು ಗಿರಾಕಿಗಳನ್ನು ಮಾತಾಡಿಸಿ ಕೆಲಸ ಒಪ್ಪಿಕೊಳ್ಳುವುದು, ಎರಡು ದಿನ ನಾನು ಮಾಡುವುದು. ಅವರು ಗೋಡೆಗೊರಗಿ ಕೂತು ಮಾತಿನಲ್ಲೇ ಹೊಲಿಯುತ್ತಿದ್ದರು. "ಜಗ್ರಿ. ಇನ್ನೊಂದೀಟು. ಸಾಕು, ಸಾಕಂದ್ನಲ್ಲ, ಹಗ್ಗ ಜಗ್ಗಾಟ ಆಡಾಕತ್ತೀರೇನು?" ಕೈ ಇದ್ದಾಗ ಇಷ್ಟು ಮಾತಾಡಿದವರಲ್ಲ. ನಾನು ತಪ್ಪು ಮಾಡಿದಾಗ ಅವರ ಬಲಗೈಯ ಉಳಿದ ಬೆರಳುಗಳು ಮಂಡಿಯ ಮೇಲೆ ತಾವೇ ಅಲುಗಾಡುತ್ತಿದ್ದವು. ಅದನ್ನು ಕಂಡು ನನ್ನ ತಪ್ಪು ಇನ್ನೂ ಹೆಚ್ಚಾಗುತ್ತಿತ್ತು. ರಂಪಿಗೆ ನಾನೊಬ್ಬಳೇ ಬಳಸುತ್ತಿದ್ದುದು. ಆದರೂ ಕೆಳಗೆ ಇಡುವಾಗೆಲ್ಲ "ಇಟ್ಟೆ" ಎನ್ನಬೇಕಿತ್ತು. ಅವರು ಗೋಡೆಯ ಹತ್ತಿರದಿಂದ "ಬಂತು" ಎನ್ನುತ್ತಿದ್ದರು.

ಅಳತೆ ತೆಗೆಯುವುದನ್ನು ಮಾತ್ರ ನನಗೆ ಬಿಡಲಿಲ್ಲ, ಎಡಗೈಯಲ್ಲಿ ಕಲಿತರು. ಮೊದಲಿನ ಹಾಗೆ ಒಂದೇ ಎಳೆತದ ಗೆರೆಯಲ್ಲ; ನಡುಗುತ್ತಾ, ನಿಂತು ನಿಂತು ಹೋಗುವ ಗೆರೆ. ಗಿರಾಕಿಗಳು ತಾಳ್ಮೆಯಿಂದ ನಿಲ್ಲುತ್ತಿದ್ದರು. ಒಂದು ದಿನ ನನಗೂ ಒಂದು ಜೊತೆ ಚಪ್ಪಲಿ ಮಾಡಿಕೊಳ್ಳೋಣ ಎನ್ನಿಸಿತು. ಇಷ್ಟು ವರ್ಷದಲ್ಲಿ ನನಗಾಗಿ ಮಾಡಿಕೊಂಡೇ ಇರಲಿಲ್ಲ. ಕ್ಯಾಲೆಂಡರ್ ಹಾಳೆ ಹಾಸಿ ನಿಂತು, "ನಂದೂ ಅಳತೆ ತಗೊಳ್ಳಿ ಯಜಮಾನ್ರೇ" ಎಂದೆ.

ಅವರು ಪೆನ್ಸಿಲ್ ಎತ್ತಲಿಲ್ಲ. "ನಿಮ್ದು ಐತಿ ನನ್ನ ಹತ್ರ" ಎಂದರು.

"ಯಾವಾಗ ತಗೊಂಡ್ರಿ? ನಾನು ನಿಂತೇ ಇಲ್ವಲ್ಲ."

"ಐತಿ ಬಿಡ್ರಿ."

ಕಣ್ಣಳತೆಯ ಮಾತಾಡುತ್ತಿದ್ದಾರೆ ಎಂದುಕೊಂಡೆ. ಎಡಗಾಲು ದೊಡ್ಡದೆಂದು ಮೊದಲ ದಿನವೇ ಕಂಡುಹಿಡಿದವರಲ್ಲವೇ. ಅಷ್ಟರಲ್ಲಿ ಯಾರೋ ಉಂಗುಟ ಕಿತ್ತ ಚಪ್ಪಲಿ ಹಿಡಿದುಕೊಂಡು ಬಂದರು, ಮಾತು ಅಲ್ಲಿಗೇ ನಿಂತಿತು.

ಹೋದ ವಾರ ಅವರ ಹೆಂಡತಿ ಅಂಗಡಿ ಖಾಲಿ ಮಾಡಿದರು. ಇನ್ನು ಕೆಂಗೇರಿಯಲ್ಲಿ ಮಗಳ ಮನೆಯಲ್ಲಿ ಇರುತ್ತಾರೆ. ನಾನು ರಜೆ ಹಾಕಿ ಹೋಗಿದ್ದೆ. ಉಪಕರಣಗಳನ್ನೆಲ್ಲ ನನಗೆ ಕೊಟ್ಟರು. ಪಾದದ ಹಾಳೆಗಳನ್ನು ಏನು ಮಾಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ. ರದ್ದಿಗೆ ಹಾಕಲು ಮನಸ್ಸಾಗದೆ ಅವನ್ನೂ ನಾನೇ ಚೀಲಕ್ಕೆ ತುಂಬಿಕೊಂಡೆ. ಕೊನೆಗೆ ಅವರ ಹೆಂಡತಿ ಅಟ್ಟದಿಂದ ಮೇಣದ ದಾರ ಸುತ್ತಿದ ಒಂದು ಸುರುಳಿ ತೆಗೆದುಕೊಂಡು ಬಂದರು.

"ಇದು ನಿಮ್ದಂತ್ರಿ. ತಾವು ಇರೋತನಕ ಕೊಡಬ್ಯಾಡ ಅಂದಿದ್ರು."

"ಅಂದ್ರೆ, ಆಮೇಲೆ ಕೊಡಿ ಅಂದಿದ್ರಾ?"

ಅವರು ಯೋಚಿಸಿದರು. "ಅದನ್ನ ಹೇಳ್ಲಿಲ್ರಿ. ಕೊಡಬ್ಯಾಡ ಅಂದ್ರು. ಈಗ ಅವ್ರಿಲ್ಲಲ್ಲ, ಅದಕ್ಕ ಕೊಟ್ಟೆ."

ಮನೆಗೆ ತಂದು ನನ್ನ ಕೋಣೆಯ ನೆಲದ ಮೇಲೆ ಬಿಡಿಸಿದೆ. ಆ ಭಾನುವಾರದ ಅದೇ ಚರ್ಮದ ಅಂಚು, ಮೊಳದಷ್ಟು ಕತ್ತರಿಸಿ ಇಟ್ಟದ್ದು. ಬಣ್ಣ ಹಾಕಿರಲಿಲ್ಲ. ಅದರ ತುಂಬ ಕಂದುಬಣ್ಣದ ಕಲೆ ಒಣಗಿ ಚರ್ಮದೊಳಗೆ ಇಳಿದಿತ್ತು. ಕಲೆಯ ನಡುವೆ ಚರ್ಮ ತನ್ನ ಮೊದಲಿನ ತಿಳಿಬಣ್ಣದಲ್ಲೇ ಉಳಿದಿತ್ತು. ಐದು ಬೆರಳು, ಅವುಗಳ ಹಿಂದೆ ಅರ್ಧ ಪಾದ. ಎಡಗಾಲು.

ಅವರು ಎರಡು ಕ್ಷಣಕ್ಕಿಂತ ಹೆಚ್ಚು ಆ ಚರ್ಮದ ಹತ್ತಿರ ಇರಲಿಲ್ಲ. ನಾನು ಮತ್ತೆ ಅದರ ಮೇಲೆ ಕಾಲಿಟ್ಟಿಲ್ಲ. ಅದರ ಮೇಲೆ ಬಿದ್ದದ್ದು ಮೊದಲ ರಕ್ತ. ಅದು ಬಿದ್ದಾಗ ನನ್ನ ಕಾಲು ಅಲ್ಲೇ ಇತ್ತು.

ಆ ತಿಳಿಬಣ್ಣದ ಸುತ್ತ ಪೆನ್ಸಿಲಿನ ಗೆರೆ ಇತ್ತು. ನಡುಗುತ್ತಾ, ನಿಂತು ನಿಂತು ಹೋದ ಎಡಗೈಯ ಗೆರೆ. ಮುಂಭಾಗದಲ್ಲಿ ಕಲೆಯನ್ನು ಅನುಸರಿಸಿ ಬಂದದ್ದು ಹಿಂದಕ್ಕೆ, ಕಲೆ ಇಲ್ಲದ ಕಡೆ ಅಂದಾಜಿನ ಮೇಲೆ ಸಾಗಿ ಹಿಮ್ಮಡಿಯನ್ನು ಸುತ್ತಿ ಬಂದಿತ್ತು. ಹೊರಗೆ, ಎಲ್ಲ ಕಡೆ ಒಂದು ಅಕ್ಕಿಕಾಳಿನಷ್ಟು ಬಿಟ್ಟು, ಇನ್ನೊಂದು ಗೆರೆ. ಕತ್ತರಿಸಬೇಕಾದ ಗೆರೆ.

ಇದನ್ನು ಯಾವಾಗ ಬರೆದರು? ಕಾಲು ತೆಗೆದಿದ್ದಿರಿ, ಕಣ್ಣಾರೆ ನೋಡಿದ್ದೇನೆ ಎಂದು ನನಗೆ ಹೇಳುವ ಮೊದಲೋ, ಆಮೇಲೋ? ನನಗೆ ತಿಳಿಯಬಾರದೆಂದು ಅಟ್ಟದಲ್ಲಿಟ್ಟರೇ? ಹಾಗಿದ್ದರೆ ಕಪ್ಪು ಬಣ್ಣ ಬಳಿದಿದ್ದರೆ ಸಾಕಿತ್ತು, ಅರ್ಧ ನಿಮಿಷದ ಕೆಲಸ. ನನಗೆ ತಿಳಿಯಲೆಂದೇ ಇಟ್ಟರೇ? ಹಾಗಿದ್ದರೆ ಎರಡು ವರ್ಷ ಎದುರಿಗೇ ಕೂತಿದ್ದೆನಲ್ಲ. ಚಪ್ಪಲಿ ಮಾಡುವ ಮನಸ್ಸಿತ್ತೇ? ಒಂದೇ ಕಾಲಿನ ಅಳತೆ ಇಟ್ಟುಕೊಂಡು?

ಬಾಗಿಲು ಹಾಕಿ ಆ ಗೆರೆಯೊಳಗೆ ಎಡಗಾಲು ಇಟ್ಟೆ. ಇಡುವ ಮೊದಲು ಚರ್ಮವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಐದು ಬೆರಳೂ ತಮ್ಮ ತಮ್ಮ ಜಾಗದಲ್ಲಿ ಕೂತವು. ಒಂದು ಕಡೆಯೂ ಹೆಚ್ಚುಕಡಿಮೆ ಇಲ್ಲ.

ಕಾಲು ತೆಗೆದು ಕೂತೆ. ರಂಪಿಗೆ ಕೈಗೆತ್ತಿಕೊಂಡು ಹೊರಗಿನ ಗೆರೆಯ ತುದಿಗೆ ತಂದೆ. ಮಾಡಿದರೆ ಇದನ್ನು ಮೆಟ್ಟಿಕೊಂಡು ಓಡಾಡಲಾದೀತೇ, ಮಾಡದಿದ್ದರೆ ಅವರು ಗೆರೆ ಎಳೆದದ್ದು ಯಾತಕ್ಕೆ, ಒಂದೂ ಹೊಳೆಯಲಿಲ್ಲ. ಅಡುಗೆಮನೆಯಿಂದ ಅಮ್ಮ ಊಟಕ್ಕೆ ಕರೆದಳು. ರಂಪಿಗೆಯನ್ನು ನೆಲದ ಮೇಲೆ ಇಟ್ಟೆ, ಹಿಡಿಯನ್ನು ಆಚೆ ಕಡೆ ಮಾಡಿ. ಕೈ ಹಿಂದಕ್ಕೆ ತೆಗೆದುಕೊಂಡು "ಇಟ್ಟೆ" ಎಂದೆ. ಅಮ್ಮ ಎರಡನೆಯ ಸಲ ಕರೆಯುವವರೆಗೂ ಅಲ್ಲೇ ಕೂತಿದ್ದೆ.